ಮಾತ್ರೆಯ ಪಕ್ಕದ ಲೋಟ: ಐರನ್ ಮಾತ್ರೆ ಆರಿಸುವ ಮೊದಲು

ನಮ್ಮಮ್ಮ ಆರು ತಿಂಗಳು ಐರನ್ ಮಾತ್ರೆ ನುಂಗಿದರು, ಒಂದು ದಿನವೂ ತಪ್ಪಿಸದೆ. ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಅವರಿಗೆ ಬೆಳಗಾಗುವುದು ಐದೂವರೆಗೆ. ಹಾಲು ಕರೆದು, ಡೈರಿಗೆ ಹಾಕಿ ಬಂದು, ಒಲೆ ಮುಂದೆ ಕಾಫಿ ಲೋಟ ಹಿಡಿದಾಗ ಮಾತ್ರೆಯ ನೆನಪಾಗುತ್ತಿತ್ತು. ಎರಡು ಗುಟುಕು ಕಾಫಿಯ ಜೊತೆ ಅದೂ ಒಳಗೆ ಹೋಗುತ್ತಿತ್ತು. ಶುರುವಿನಲ್ಲಿ ಹಿಮೋಗ್ಲೋಬಿನ್ 8.4 ಇತ್ತು (12 ಇರಬೇಕು), ಆರು ತಿಂಗಳ ಮೇಲೆ 8.8. ಈ ನಡುವೆ ಮಾತ್ರೆ ಮೂರು ಸಲ ಬದಲಾಯಿತು, ಪ್ರತಿ ಸಲವೂ ಹಿಂದಿನದಕ್ಕಿಂತ ದುಬಾರಿ. ಅದನ್ನು ಯಾವುದರ ಜೊತೆ ನುಂಗುತ್ತೀರಿ ಎಂದು ಯಾರೂ ಕೇಳಲಿಲ್ಲ. ಮೈಸೂರಿನಿಂದ ದಿನಾ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ ಅಮ್ಮ?" ಎನ್ನುತ್ತಿದ್ದ ನಾನೂ ಕೇಳಲಿಲ್ಲ.

ಆ ಆರು ತಿಂಗಳು ನನ್ನನ್ನು ಈಗಲೂ ಚುಚ್ಚುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಯಾವ ಐರನ್ ಮಾತ್ರೆ ಒಳ್ಳೇದು?" ಎಂದು ಮೆಡಿಕಲ್ ಶಾಪಿನಲ್ಲಿ ಕೇಳುತ್ತೇವಲ್ಲ, ಆ ಪ್ರಶ್ನೆ ಅರ್ಧ ಮಾತ್ರ. ಮಾತ್ರೆಯಲ್ಲಿ ಐರನ್ ಎಷ್ಟಿದೆ, ಅದರಲ್ಲಿ ಮೈಗೆ ಎಷ್ಟು ಸೇರುತ್ತದೆ ಎನ್ನುವುದು ಬ್ರ್ಯಾಂಡಿನ ಹೆಸರಿಗಿಂತ ಬಹಳ ದೊಡ್ಡ ವಿಷಯ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇ 65.5. ಎಂದರೆ ಇದು ನಮ್ಮಮ್ಮನೊಬ್ಬರ ಕಥೆಯಲ್ಲ.

ಮೊದಲು ಮೈಯೊಳಗಿನ ಲೆಕ್ಕ

ದೊಡ್ಡವರ ಮೈಯಲ್ಲಿ ಒಟ್ಟು ಇರುವ ಕಬ್ಬಿಣ 3ರಿಂದ 4 ಗ್ರಾಂ. ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಹೆಚ್ಚಿನ ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ ಕೂತು ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ತಿರುಗುತ್ತದೆ. ಒಂದು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಳೆಯ ಕಣ ಒಡೆದಾಗ ಅದರೊಳಗಿನ ಕಬ್ಬಿಣವನ್ನು ದೇಹ ಬಿಸಾಡುವುದಿಲ್ಲ, ಹೊಸ ಕಣಕ್ಕೆ ಮತ್ತೆ ಬಳಸುತ್ತದೆ. ಹೀಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಒಳಗೊಳಗೇ ಸುತ್ತುತ್ತಿರುತ್ತದೆ. ಹೊರಗಿನಿಂದ ಬರಬೇಕಾದ್ದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಅಷ್ಟೆ.

ಇಷ್ಟು ಜೋಪಾನ ಮಾಡುವ ದೇಹಕ್ಕೆ ಕೊರತೆ ಬರುವುದೇಕೆ? ರಕ್ತ ಹೊರಗೆ ಹೋದಾಗ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮುಟ್ಟಿನಲ್ಲಿ 80 ಮಿಲಿಲೀಟರ್ ಹೋಗುವ ಹೆಂಗಸು ತಿಂಗಳಿಗೆ 40 ಮಿಲಿಗ್ರಾಂ ಕಳೆದುಕೊಳ್ಳುತ್ತಾಳೆ. ಅದನ್ನು ತುಂಬಿಸಲು ಉಳಿದವರಿಗಿಂತ ದಿನಕ್ಕೆ 1.3 ಮಿಲಿಗ್ರಾಂ ಜಾಸ್ತಿ ಹೀರಿಕೊಳ್ಳಬೇಕು. ಅನ್ನ ಸಾರು ಮುದ್ದೆಯಲ್ಲಿ ಇದು ಸುಲಭವಲ್ಲ.

ಇನ್ನೊಂದು ಲೆಕ್ಕ ಹಾಕಿ ನೋಡೋಣ. ಇದನ್ನು ತಿಳಿದ ಮೇಲೆಯೇ ಮಾತ್ರೆ ಏಕೆ ತಿಂಗಳುಗಟ್ಟಲೆ ಬೇಕು ಎಂದು ನನಗೆ ಅರ್ಥವಾಗಿದ್ದು. 50 ಕೆಜಿ ತೂಕದ ಹೆಂಗಸಿನ ಹಿಮೋಗ್ಲೋಬಿನ್ 8ರಿಂದ 12ಕ್ಕೆ ಏರಬೇಕು, ದೇಹ ಕಬ್ಬಿಣ ಕೂಡಿಡುವ, ಈಗ ಖಾಲಿಯಾದ ಉಗ್ರಾಣವೂ ತುಂಬಬೇಕು ಎಂದರೆ ವೈದ್ಯರು ಬಳಸುವ ಸೂತ್ರದ ಪ್ರಕಾರ ಹತ್ತಿರ ಹತ್ತಿರ 1000 ಮಿಲಿಗ್ರಾಂ ಕಬ್ಬಿಣ ರಕ್ತಕ್ಕೆ ಸೇರಬೇಕು. 100 ಮಿಲಿಗ್ರಾಂ ಐರನ್ ಇರುವ ಮಾತ್ರೆ ನುಂಗಿದರೆ, ಅದರಲ್ಲಿ ಹತ್ತರಲ್ಲೊಂದು ಪಾಲು ಮೈಗೆ ಹತ್ತಿತು ಅಂದುಕೊಳ್ಳಿ, ದಿನಕ್ಕೆ 10 ಮಿಲಿಗ್ರಾಂ. ಅಲ್ಲಿಗೆ ನೂರು ದಿನ. ಹತ್ತುವುದು ಅರ್ಧಕ್ಕೆ ಇಳಿದರೆ ಇನ್ನೂರು ದಿನ. ಆ ಇನ್ನೂರು ದಿನದಲ್ಲಿ ಆರೇಳು ಸಲ ಮುಟ್ಟಾಗಿ ಸಾಕಷ್ಟು ರಕ್ತ ಹೋದರೆ, ಬಿಂದಿಗೆ ತುಂಬುವುದೇ ಇಲ್ಲ.

ಪಟ್ಟಿಯ ಹಿಂಬದಿ ಓದುವುದು

ಮೈಸೂರಿನ ಯಾವ ಮೆಡಿಕಲ್ ಶಾಪಿಗೆ ಹೋದರೂ ಐರನ್ ಮಾತ್ರೆ ಎಂದರೆ ಹತ್ತಾರು ಹೆಸರು ಮುಂದಿಡುತ್ತಾರೆ. ಹೆಸರು ಬಿಡಿ, ಮಾತ್ರೆಯ ಪಟ್ಟಿ (ಸ್ಟ್ರಿಪ್) ತಿರುಗಿಸಿ. ಅಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ, ಎಡವಟ್ಟಾಗುವುದು ಇಲ್ಲೇ. ಒಂದು, ಲವಣದ ತೂಕ. ಇನ್ನೊಂದು, ಆ ಲವಣದಲ್ಲಿರುವ ಶುದ್ಧ ಕಬ್ಬಿಣದ ತೂಕ. ಈ ಎರಡನೆಯದಕ್ಕೆ ಎಲಿಮೆಂಟಲ್ ಐರನ್ ಎನ್ನುತ್ತಾರೆ. ನಮಗೆ ಬೇಕಾದ ಅಂಕಿ ಅದೊಂದೇ.

ಮಾತ್ರೆಯಲ್ಲಿ ಕಬ್ಬಿಣವನ್ನು ಸಾಮಾನ್ಯವಾಗಿ ಬೇರೊಂದು ವಸ್ತುವಿಗೆ ಕಟ್ಟಿ ಕೊಡುತ್ತಾರೆ, ಹಾಗೆ ಕಟ್ಟಿದ್ದೇ ಲವಣ. ಭತ್ತ ಬೇರೆ, ಅಕ್ಕಿ ಬೇರೆ ಅಲ್ಲವೇ? ಮೂಟೆ ತೂಗಿದರೆ ಹೊಟ್ಟೂ ಸೇರಿ ತೂಗುತ್ತದೆ. ಫೆರಸ್ ಫ್ಯುಮರೇಟ್‌ನಲ್ಲಿ ಮೂರರಲ್ಲೊಂದು ಪಾಲು ಕಬ್ಬಿಣ. 152 ಮಿಲಿಗ್ರಾಂ ಫ್ಯುಮರೇಟ್ ಎಂದು ಬರೆದಿದ್ದರೆ ಅದರಲ್ಲಿ ಸಿಗುವುದು 50 ಮಿಲಿಗ್ರಾಂ. ಫೆರಸ್ ಸಲ್ಫೇಟ್‌ನ ಹರಳಿನ ರೂಪದಲ್ಲಿ ಐದರಲ್ಲೊಂದು ಪಾಲು, ಒಣಗಿಸಿದ ರೂಪದಲ್ಲಿ ಮೂರರಲ್ಲೊಂದರ ಹತ್ತಿರ. ಗ್ಲುಕೊನೇಟ್‌ನಲ್ಲಿ ನೂರಕ್ಕೆ ಹನ್ನೆರಡು. ಹಾಗಾಗಿ 300 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದ ಗ್ಲುಕೊನೇಟ್ ಮಾತ್ರೆಗಿಂತ 152 ಎಂದು ಬರೆದ ಫ್ಯುಮರೇಟ್ ಮಾತ್ರೆಯಲ್ಲೇ ಕಬ್ಬಿಣ ಜಾಸ್ತಿ.

ಈಗ ನಮ್ಮ ಕಡೆ ಡಾಕ್ಟರುಗಳು ಹೆಚ್ಚು ಬರೆಯುವುದು ಫೆರಸ್ ಆಸ್ಕಾರ್ಬೇಟ್, ಸಾಮಾನ್ಯವಾಗಿ 100 ಮಿಲಿಗ್ರಾಂ ಎಲಿಮೆಂಟಲ್ ಐರನ್ ಮತ್ತು 1.5 ಮಿಲಿಗ್ರಾಂ ಫೋಲಿಕ್ ಆಸಿಡ್ ಸೇರಿಸಿದ್ದು. ಕಬ್ಬಿಣವನ್ನು ವಿಟಮಿನ್ ಸಿ ಜೊತೆ ಕಟ್ಟಿದ ರೂಪವಿದು. ಒಳ್ಳೆಯದೇ. ಆದರೆ ಸಲ್ಫೇಟ್, ಫ್ಯುಮರೇಟ್, ಗ್ಲುಕೊನೇಟ್ ಇವೆಲ್ಲವೂ ಫೆರಸ್ ಗುಂಪಿನವೇ. ಎಲಿಮೆಂಟಲ್ ಐರನ್ ಸಮನಾಗಿದ್ದರೆ ಕೆಲಸದಲ್ಲಿ ದೊಡ್ಡ ಅಂತರವಿಲ್ಲ, ಬೆಲೆಯಲ್ಲಿ ಮಾತ್ರ ಬಹಳ ಇದೆ. ಕೂಲಿ ಮಾಡುವ ಮನೆಯಲ್ಲಿ ದುಬಾರಿ ಮಾತ್ರೆಯನ್ನು ಒಂದು ತಿಂಗಳು ತಂದು ನಿಲ್ಲಿಸುವುದಕ್ಕಿಂತ ಅಗ್ಗದ್ದನ್ನು ಆರು ತಿಂಗಳು ಬಿಡದೆ ನುಂಗುವುದು ಎಷ್ಟೋ ಮೇಲು.

ಫೆರಿಕ್ ಗುಂಪು ಬೇರೆ, ಅದು ಕಬ್ಬಿಣದ ಇನ್ನೊಂದು ರಾಸಾಯನಿಕ ರೂಪ. ಐರನ್ ಪಾಲಿಮಾಲ್ಟೋಸ್ ಎಂದು ಸಿರಪ್ ಮತ್ತು ಅಗಿಯುವ ಮಾತ್ರೆಗಳಲ್ಲಿ ಬರುವುದು ಇದೇ ಜಾತಿ. ಹೊಟ್ಟೆಗೆ ಹಗುರ, ಬಾಯಿಗೆ ಲೋಹದ ರುಚಿಯಿಲ್ಲ, ಊಟದ ಜೊತೆಯೇ ಕೊಡಬಹುದು. ಹಾಗಾಗಿ ಮಕ್ಕಳಿಗೆ ಇದನ್ನೇ ಬರೆಯುವುದುಂಟು. ಆದರೆ ಹೀರಿಕೆಯಲ್ಲಿ ಫೆರಸ್‌ಗೆ ಸಮ ಅಲ್ಲ. ಇದಕ್ಕೆ ಹತ್ತಿರದ ಸಂಬಂಧಿಯಾದ ಪಾಲಿಸ್ಯಾಕರೈಡ್ ಐರನ್ ಅನ್ನು ಹಳೆಯ ಫೆರಸ್ ಸಲ್ಫೇಟ್ ಎದುರು ನಿಲ್ಲಿಸಿ ಅಮೆರಿಕದಲ್ಲಿ 80 ಪುಟ್ಟ ಮಕ್ಕಳ ಮೇಲೆ ಪರೀಕ್ಷೆ ನಡೆಸಿದರು. 2017ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ, 12 ವಾರದ ಹೊತ್ತಿಗೆ ಸಲ್ಫೇಟ್ ಕುಡಿದ ಮಕ್ಕಳ ಹಿಮೋಗ್ಲೋಬಿನ್ ಸರಾಸರಿ 7.9ರಿಂದ 11.9ಕ್ಕೆ ಏರಿತ್ತು, ಇನ್ನೊಂದು ಗುಂಪಿನದು 7.7ರಿಂದ 11.1ಕ್ಕೆ. ಹೊಸದೆಲ್ಲ ಮೇಲು ಎಂಬ ನಮ್ಮ ನಂಬಿಕೆಗೆ ಇದು ಒಳ್ಳೆಯ ಉತ್ತರ.

ಬಿಸ್‌ಗ್ಲೈಸಿನೇಟ್ ಎಂಬುದು ಇತ್ತೀಚೆಗೆ ಹೆಚ್ಚು ಮಾರಾಟವಾಗುವ ರೂಪ. ಕಡಿಮೆ ಪ್ರಮಾಣದಲ್ಲೇ ಚೆನ್ನಾಗಿ ಹತ್ತುತ್ತದೆ, ಮಲಬದ್ಧತೆಯೂ ಕಡಿಮೆ. ಮಿಕ್ಕ ಮಾತ್ರೆ ಯಾವುದೂ ಒಗ್ಗದವರಿಗೆ ಇದು ನಿಜಕ್ಕೂ ಉಪಯೋಗ. ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲ್‌ಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಕಬ್ಬಿಣ ಹೀರಿಕೆಯಾಗುವುದು ಜಠರ ದಾಟಿದ ಕೂಡಲೇ ಸಿಗುವ ಸಣ್ಣಕರುಳಿನ ಮೊದಲ ಭಾಗದಲ್ಲಿ. ಆ ನಿಲ್ದಾಣ ದಾಟಿದ ಮೇಲೆ ಬಾಗಿಲು ತೆರೆಯುವ ಬಸ್ಸಿನಿಂದ ಇಳಿಯಬೇಕಾದವರಿಗೆ ಏನು ಪ್ರಯೋಜನ? ಇನ್ನು ಬಣ್ಣಬಣ್ಣದ ಗಮ್ಮಿ, ಮಲ್ಟಿವಿಟಮಿನ್ ಡಬ್ಬಿಗಳಲ್ಲಿ ಕಬ್ಬಿಣ ಇರುವುದು ಚಿಟಿಕೆಯಷ್ಟು. ಮಲ್ಟಿವಿಟಮಿನ್‌ನಲ್ಲಿ ಅದರ ಪಕ್ಕದಲ್ಲೇ ಕ್ಯಾಲ್ಸಿಯಂ ಕೂರಿಸಿರುತ್ತಾರೆ, ಅದು ಕಬ್ಬಿಣದ ಹೀರಿಕೆಗೆ ಅಡ್ಡ. ರಕ್ತಹೀನತೆ ಆಗಲೇ ಬಂದವರಿಗೆ ಇದು ಔಷಧವಲ್ಲ.

ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಕೆಂಪು ಮಾತ್ರೆಯನ್ನು ಜನ ಕೀಳಾಗಿ ನೋಡುವುದು ಕಂಡರೆ ನನಗೆ ಸಂಕಟವಾಗುತ್ತದೆ. ಅದರಲ್ಲಿ 60 ಮಿಲಿಗ್ರಾಂ ಎಲಿಮೆಂಟಲ್ ಐರನ್, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಇದೇ ಮಾತ್ರೆ. ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ ಪ್ರಮಾಣ. 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ್ದು, 45 ಮಿಲಿಗ್ರಾಂನದು. ಆಶಾ ಕಾರ್ಯಕರ್ತೆ ತಂದುಕೊಟ್ಟ ಪಟ್ಟಿಯನ್ನು ಹಾಸಿಗೆ ಕೆಳಗೆ ಸೇರಿಸಿಟ್ಟ ಬಸುರಿಯರನ್ನು ನಾನೇ ನೋಡಿದ್ದೇನೆ. "ಮಾತ್ರೆ ತಿಂದ್ರೆ ಮಗು ಕಪ್ಪಾಗುತ್ತೆ" ಎಂದು ಅತ್ತೆ ಹೇಳಿದರಂತೆ. ಕಪ್ಪಾಗುವುದು ಮಲ, ಮಗುವಲ್ಲ. ಹೀರಿಕೆಯಾಗದೆ ಉಳಿದ ಕಬ್ಬಿಣ ಹೊರಗೆ ಹೋಗುವಾಗಿನ ಬಣ್ಣ ಅದು. ಅದರಿಂದ ಏನೂ ತೊಂದರೆಯಿಲ್ಲ. ಡಾಂಬರಿನಂತೆ ಅಂಟಂಟಾಗಿ, ಗಬ್ಬುನಾತ ಬರುತ್ತಿದ್ದರೆ ಮಾತ್ರ, ಹೊಟ್ಟೆನೋವು ಇರಲಿ ಇಲ್ಲದಿರಲಿ, ಅದು ಒಳಗಿನ ರಕ್ತಸ್ರಾವವಿರಬಹುದು, ತಡಮಾಡದೆ ತೋರಿಸಬೇಕು.

ಕಾಫಿ, ಗ್ಯಾಸ್ ಮಾತ್ರೆ ಮತ್ತು ಸೀಬೆಹಣ್ಣು

ಕಬ್ಬಿಣದ ಕೊರತೆಯಿದ್ದ 34 ಹೆಂಗಸರ ಮೇಲೆ ಸ್ವಿಟ್ಜರ್ಲೆಂಡಿನ ಸಂಶೋಧಕರು ನಡೆಸಿದ ಪರೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. 100 ಮಿಲಿಗ್ರಾಂ ಕಬ್ಬಿಣವಿರುವ ಮಾತ್ರೆಯನ್ನು ಬೇರೆ ಬೇರೆ ರೀತಿಯಲ್ಲಿ ಕೊಟ್ಟು, ಎಷ್ಟು ಹೀರಿಕೆಯಾಯಿತು ಎಂದು ಅಳೆದರು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದ್ದಕ್ಕೆ ಹೋಲಿಸಿದರೆ, ಕಾಫಿಯ ಜೊತೆ ನುಂಗಿದಾಗ ಶೇ 54ರಷ್ಟು ಕಡಿಮೆ. ಕಾಫಿಯೂ ಇದ್ದ ತಿಂಡಿಯ ಜೊತೆ ಶೇ 66ರಷ್ಟು ಕಡಿಮೆ. ಮಧ್ಯಾಹ್ನ ನುಂಗಿದಾಗ ಬೆಳಗಿಗಿಂತ ಶೇ 37ರಷ್ಟು ಕಡಿಮೆ. 80 ಮಿಲಿಗ್ರಾಂ ವಿಟಮಿನ್ ಸಿ ಜೊತೆ ಕೊಟ್ಟಾಗ ಶೇ 30ರಷ್ಟು ಜಾಸ್ತಿ. ವಿಟಮಿನ್ ಸಿ ಪ್ರಮಾಣವನ್ನು 500ಕ್ಕೆ ಏರಿಸಿದರೂ ಅದಕ್ಕಿಂತ ಹೆಚ್ಚಲಿಲ್ಲ.

ಇದನ್ನು ಓದಿದ ದಿನ ಅಮ್ಮನ ಲೋಟ ಕಣ್ಣಮುಂದೆ ಬಂತು. ಕಾಫಿ ಟೀಯಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವುದಿಲ್ಲ, ಟೀ ಈ ವಿಷಯದಲ್ಲಿ ಕಾಫಿಗಿಂತಲೂ ಕೆಟ್ಟದು. ಮೈಸೂರು ಮಂಡ್ಯ ಕಡೆ ಬೆಳಗಿನ ಫಿಲ್ಟರ್ ಕಾಫಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ ನುಂಗಿ, ಒಂದು ಗಂಟೆ ಕಳೆದು ಕಾಫಿ. ಹಾಲು ಕರೆಯುವ ಮೊದಲು ಮಾತ್ರೆ, ಡೈರಿಯಿಂದ ಬಂದ ಮೇಲೆ ಕಾಫಿ. ಅಮ್ಮ ಬದಲಾಯಿಸಿದ್ದು ಇಷ್ಟೇ.

ನಮ್ಮಲ್ಲಿ ಕಾಫಿಗಿಂತ ಗುಟ್ಟಾಗಿ ಕೆಲಸ ಕೆಡಿಸುವುದು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ವರ್ಷಗಟ್ಟಲೆ ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವವರು ಪ್ರತಿ ಬೀದಿಯಲ್ಲಿದ್ದಾರೆ. ಕಬ್ಬಿಣ ಕರಗಿ ಹೀರಿಕೆಯಾಗಲು ಹೊಟ್ಟೆಯ ಆಮ್ಲ ಬೇಕು, ಆ ಮಾತ್ರೆ ಇರುವುದೇ ಆಮ್ಲ ತಗ್ಗಿಸಲು. ನಿಜವಾಗಿ ಬೇಕೋ ಬೇಡವೋ ಎಂದು ಡಾಕ್ಟರನ್ನು ಒಮ್ಮೆ ಕೇಳಿ. ಕ್ಯಾಲ್ಸಿಯಂ ಮಾತ್ರೆ ಬಸುರಿಯರಿಗೆ ಐರನ್ ಜೊತೆಜೊತೆಗೇ ಕೊಟ್ಟಿರುತ್ತಾರೆ. ಒಂದು ಬೆಳಗ್ಗೆ, ಇನ್ನೊಂದು ಊಟದ ಜೊತೆ ಎಂದು ಬೇರೆ ಮಾಡಿಕೊಳ್ಳಬೇಕು. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲವಾದರೆ ಕಬ್ಬಿಣ ಥೈರಾಯ್ಡ್ ಔಷಧವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳಿಗೂ ಇದೇ ತೊಂದರೆ.

ವಿಟಮಿನ್ ಸಿ ಎಂದಾಕ್ಷಣ ಇನ್ನೊಂದು ಮಾತ್ರೆ ಕೊಳ್ಳಬೇಡಿ. ಚೀನಾದಲ್ಲಿ 440 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಐರನ್ ಜೊತೆ ವಿಟಮಿನ್ ಸಿ ಮಾತ್ರೆ ನುಂಗಿದವರಿಗೂ ಬರೀ ಐರನ್ ನುಂಗಿದವರಿಗೂ ಹಿಮೋಗ್ಲೋಬಿನ್ ಏರಿಕೆಯಲ್ಲಿ ಗಣ್ಯ ವ್ಯತ್ಯಾಸ ಕಾಣಲಿಲ್ಲ. ಒಂದು ನೆಲ್ಲಿಕಾಯೋ ಅರ್ಧ ಸೀಬೆಹಣ್ಣೋ ತಿಂದರೆ ಒಳ್ಳೆಯದು, ಇಲ್ಲದಿದ್ದರೆ ನೀರೇ ಸಾಕು.

ದಿನ ಬಿಟ್ಟು ದಿನ ಏಕೆ ಎನ್ನುತ್ತಾರೆ

ಕೆಲವು ವೈದ್ಯರು ಈಗ ಐರನ್ ಅನ್ನು ದಿನ ಬಿಟ್ಟು ದಿನ ಬರೆಯುತ್ತಾರೆ. ರೋಗಿಗೆ ಇದು ಕೈಬಿಟ್ಟಂತೆ ಕಾಣುತ್ತದೆ. "ದಿನಕ್ಕೆ ಎರಡು ಕೊಡ್ತಿದ್ರು, ಈಗ ಒಂದೂ ಇಲ್ವಲ್ಲ" ಎಂದು ನಮ್ಮ ಪಕ್ಕದ ಮನೆಯವರು ಡಾಕ್ಟರನ್ನೇ ಬದಲಾಯಿಸಿದರು. ಇದರ ಹಿಂದಿರುವುದು ಹೆಪ್ಸಿಡಿನ್ ಎಂಬ ಹಾರ್ಮೋನು. ಯಕೃತ್ತು ಅದನ್ನು ತಯಾರಿಸುತ್ತದೆ. ಕರುಳಿನ ಕೋಶದಿಂದ ರಕ್ತಕ್ಕೆ ಕಬ್ಬಿಣ ದಾಟುವ ತೂಬನ್ನು ಮುಚ್ಚುವುದು ಅದರ ಕೆಲಸ. 60 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಬ್ಬಿಣ ಒಮ್ಮೆಗೇ ಬಂದರೆ ದೇಹ ಹೆಪ್ಸಿಡಿನ್ ಏರಿಸಿ ತೂಬು ಇಳಿಸುತ್ತದೆ. ಸುಮಾರು ಒಂದು ದಿನ ಅದು ಹಾಗೇ ಇರುತ್ತದೆ, ಎರಡನೇ ದಿನದ ಹೊತ್ತಿಗೆ ಮತ್ತೆ ತೆರೆಯುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನ ಗದ್ದೆಗೆ ತಿರುಗಿಸಿಕೊಂಡರೆ ಬೆಳೆಗೆ ದಕ್ಕುತ್ತದೆ. ತೂಬು ಮುಚ್ಚಿದ ದಿನ ಕಾಲುವೆ ಬಾಯಲ್ಲಿ ಎಷ್ಟು ಹೊತ್ತು ಕಾದು ನಿಂತರೂ ಹನಿ ಬರುವುದಿಲ್ಲ. ಜ್ಯೂರಿಕ್‌ನ ಸಂಶೋಧಕರು 2015ರಲ್ಲೂ 2017ರಲ್ಲೂ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡಿದ್ದು ಇದೇ. ಪ್ರತಿದಿನ ಕೊಟ್ಟಾಗ ಒಂದೊಂದು ಮಾತ್ರೆಯಿಂದ ಹತ್ತುವ ಪಾಲು ಕಡಿಮೆ, ದಿನ ಬಿಟ್ಟು ದಿನ ಕೊಟ್ಟಾಗ ಜಾಸ್ತಿ. ಅಷ್ಟೇ ಪ್ರಮಾಣವನ್ನು ಬೆಳಗ್ಗೆ ಸಂಜೆ ಎಂದು ಒಡೆದು ಕೊಟ್ಟರೂ ಲಾಭವಿಲ್ಲ, ಹೆಪ್ಸಿಡಿನ್ ಇನ್ನಷ್ಟು ಏರುತ್ತದೆ. ಹೀರಿಕೆಯಾಗದ ಕಬ್ಬಿಣ ದೊಡ್ಡಕರುಳಿಗೆ ಹೋಗಿ ಹೊಟ್ಟೆನೋವು, ಮಲಬದ್ಧತೆ ತರುತ್ತದೆ. ಜನ ಮಾತ್ರೆ ಬಿಡುವುದೂ ಅದಕ್ಕೇ.

ಹಾಗೆಂದು ಎಲ್ಲರೂ ದಿನ ಬಿಟ್ಟು ದಿನಕ್ಕೆ ಹೋಗಬೇಕೆಂದಲ್ಲ. ಹಿಮೋಗ್ಲೋಬಿನ್ ತುಂಬಾ ಕೆಳಗಿದ್ದರೆ, ಬಸುರಿಯಾಗಿದ್ದರೆ ದಿನವೂ ಬೇಕು. ಬ್ರಿಟನ್ನಿನ ಜಠರಗರುಳು ತಜ್ಞರ 2021ರ ಮಾರ್ಗಸೂಚಿ ದಿನಕ್ಕೆ ಒಂದು ಮಾತ್ರೆಯಿಂದ ಶುರುಮಾಡಿ, ಒಗ್ಗದಿದ್ದರೆ ದಿನ ಬಿಟ್ಟು ದಿನ ಎನ್ನುತ್ತದೆ. ನನಗೂ ಇದೇ ಸರಿ ಅನ್ನಿಸುತ್ತದೆ. ಡಾಕ್ಟರು ಹೇಳದೆ ದಿನಕ್ಕೆ ಎರಡು ಮೂರು ನುಂಗುವುದರಲ್ಲಿ ಅರ್ಥವಿಲ್ಲ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತಡೆಯಲಾರದವರು ಸ್ವಲ್ಪ ತಿಂದೇ ನುಂಗಲಿ. ಹೀರಿಕೆ ಒಂದಿಷ್ಟು ತಗ್ಗಿದರೂ ಮಾತ್ರೆಯನ್ನೇ ಬಿಡುವುದಕ್ಕಿಂತ ವಾಸಿ.

ಬೆಲ್ಲ, ರಾಗಿ, ಬೀಟ್‌ರೂಟ್

ಮಾತ್ರೆ ಬೇಡ, ಊಟದಲ್ಲೇ ಸರಿಮಾಡಿಕೊಳ್ಳುತ್ತೇವೆ ಎನ್ನುವವರು ಬಹಳ. ಮಂಡ್ಯದಲ್ಲಿ ಬೆಲ್ಲದ ಮಾತು ಬರದೆ ಇರುವುದಿಲ್ಲ. ನೂರು ಗ್ರಾಂ ಬೆಲ್ಲದಲ್ಲಿ ಕಬ್ಬಿಣ ಸುಮಾರು 4.6 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲೂ ಹತ್ತಿರ ಹತ್ತಿರ ಅಷ್ಟೇ. ನಮ್ಮ ದೇಶದ ಹೆಂಗಸರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿದ ದಿನದ ಪ್ರಮಾಣ 29 ಮಿಲಿಗ್ರಾಂ. ಬೆಲ್ಲದಿಂದ ರಕ್ತಹೀನತೆ ವಾಸಿಯಾಗುವಷ್ಟು ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಮೊದಲು ಬರುತ್ತದೆ. ಬೀಟ್‌ರೂಟ್ ಕೆಂಪಗಿದೆ ನಿಜ, ನೂರು ಗ್ರಾಂನಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಬಣ್ಣ ನೋಡಿ ರಕ್ತ ಎಣಿಸಿದ್ದೇವೆ.

ರಾಗಿ ಬಿಡಿ ಎಂದು ನಾನು ಹೇಳುತ್ತಿಲ್ಲ, ಮುದ್ದೆ ತಿಂದೇ ಬೆಳೆದವಳು. ಆದರೆ ರಾಗಿಯಲ್ಲಿರುವ ಫೈಟೇಟ್, ಪಾಲಿಫೀನಾಲ್, ಕ್ಯಾಲ್ಸಿಯಂ ಮೂರೂ ಕಬ್ಬಿಣಕ್ಕೆ ಅಡ್ಡಗಾಲು. ಮೊಳಕೆ ಕಟ್ಟಿಸಿದರೆ ಫೈಟೇಟ್ ಇಳಿಯುತ್ತದೆ. ಹಳಬರು ಕೂಸುಗಳಿಗೆ ಮೊಳಕೆ ರಾಗಿ ಸರಿ ಮಾಡುತ್ತಿದ್ದುದು ಸುಮ್ಮನಲ್ಲ. ಹುಳಿ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಒಂದಿಷ್ಟು ಕಬ್ಬಿಣ ಸಾರಿಗಿಳಿಯುತ್ತದೆ. ಬಾಡು ತಿನ್ನುವ ಮನೆಗಳಿಗೆ ಮಾಂಸದ ಕಬ್ಬಿಣ ಎಲ್ಲಕ್ಕಿಂತ ಚೆನ್ನಾಗಿ ಹತ್ತುತ್ತದೆ. ಪಡಿತರದ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುವ, ಬಣ್ಣ ಆಕಾರ ಸ್ವಲ್ಪ ಬೇರೆಯಾಗಿ ಕಾಣುವ ಕಾಳುಗಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುತ್ತಾರಲ್ಲ, ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೇ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು. ದಯವಿಟ್ಟು ಎಸೆಯಬೇಡಿ. ಇವೆಲ್ಲ ಕೊರತೆ ಬಾರದಂತೆ ತಡೆಯಲು, ಮಾತ್ರೆ ಮುಗಿದ ಮೇಲೆ ಉಳಿಸಿಕೊಳ್ಳಲು. ಆಗಲೇ 8ಕ್ಕೆ ಇಳಿದವರಿಗೆ ಮಾತ್ರೆಯೇ ಬೇಕು.

ಕೊಳ್ಳುವ ಮೊದಲು ರಕ್ತ ಕೊಟ್ಟು ಬನ್ನಿ

ಸುಸ್ತು ಎಂದ ಕೂಡಲೇ ಐರನ್ ಟಾನಿಕ್ ತರುವುದು ನಮ್ಮ ಅಭ್ಯಾಸ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಕಣ್ಣಿನ ಒಳರೆಪ್ಪೆ ಬಿಳುಚಿಕೊಳ್ಳುವುದು, ಹಸಿ ಅಕ್ಕಿ ಬಳಪ ಮಣ್ಣು ತಿನ್ನಬೇಕೆನಿಸುವುದು ಇವೆಲ್ಲ ಕಬ್ಬಿಣದ ಕೊರತೆಯ ಗುರುತುಗಳೇ. ಅಕ್ಕಿ ಆರಿಸುವಾಗ ಬಾಯಿಗೆ ಹಾಕಿಕೊಳ್ಳುವ ಹೆಣ್ಣುಮಕ್ಕಳನ್ನು ಗದರುತ್ತೇವೆ, ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12, ಗಂಡಸರಿಗೆ 13 ಇರಬೇಕು. ಬಸುರಿಯರಲ್ಲಿ 7ಕ್ಕಿಂತ, ಉಳಿದ ದೊಡ್ಡವರಲ್ಲಿ 8ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಅಂಗಡಿ ಮಾತ್ರೆ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಹಿಮೋಗ್ಲೋಬಿನ್ ಒಂದೇ ಸಾಲದು. ಉಗ್ರಾಣದಲ್ಲಿ ಎಷ್ಟಿದೆ ಎಂದು ಹೇಳುವುದು ಫೆರಿಟಿನ್. ಅದು 15ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಖಚಿತ, 30ರ ಒಳಗಿದ್ದರೂ ಎಷ್ಟೋ ವೈದ್ಯರು ಕೊರತೆಯೆಂದೇ ಎಣಿಸುತ್ತಾರೆ. ಜ್ವರ, ಸೋಂಕು, ಕೀಲುವಾತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ ಎಂಬುದು ನೆನಪಿರಲಿ. ರಿಪೋರ್ಟಿನಲ್ಲಿ ಎಂಸಿವಿ ಎಂಬ ಸಾಲೂ ಇರುತ್ತದೆ, ಅದು ರಕ್ತಕಣದ ಗಾತ್ರ. ಕಬ್ಬಿಣ ಕಡಿಮೆಯಾದರೆ ಕಣ ಕುಗ್ಗುತ್ತದೆ. ಬಿ12 ಕಡಿಮೆಯಾದರೆ ಹಿಗ್ಗುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದಕ್ಕೆ ಎಷ್ಟು ಐರನ್ ನುಂಗಿದರೂ ಉಪಯೋಗವಿಲ್ಲ. ಐರನ್ ಮಾತ್ರೆಯಲ್ಲಿರುವ ಫೋಲಿಕ್ ಆಸಿಡ್ ರಕ್ತದ ಲೆಕ್ಕವನ್ನು ಮೇಲೆ ಮೇಲೆ ಸರಿಮಾಡಿ, ಒಳಗೆ ನರಗಳು ಹಾಳಾಗುವುದನ್ನು ಮರೆಮಾಡಲೂಬಹುದು. ಕಾಲು ಜೋಮು ಹಿಡಿಯುತ್ತಿದ್ದರೆ ಬಿ12 ನೋಡಿಸಿ. ಕಣ ಕುಗ್ಗಿದ್ದು ಫೆರಿಟಿನ್ ಚೆನ್ನಾಗಿಯೇ ಇದ್ದರೆ ಥಲಸ್ಸೀಮಿಯಾ ವಾಹಕರಿರಬಹುದು, ಅವರಿಗೆ ಸುಮ್ಮಸುಮ್ಮನೆ ಐರನ್ ಕೊಡುವುದು ತಪ್ಪು.

ಆಮೇಲೆ, ಸೋರಿಕೆ. ಐವತ್ತು ದಾಟಿದ ಗಂಡಸಿಗೋ ಮುಟ್ಟು ನಿಂತ ಹೆಂಗಸಿಗೋ ಕಬ್ಬಿಣ ಕಡಿಮೆಯಾಯಿತು ಎಂದರೆ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ರಕ್ತ ಎಲ್ಲಿಂದ ಹೋಗುತ್ತಿದೆ? ಹೊಟ್ಟೆಯ ಹುಣ್ಣು, ಮೂಲವ್ಯಾಧಿ, ದಿನಾ ನುಂಗುವ ಆಸ್ಪಿರಿನ್, ನೋವಿನ ಮಾತ್ರೆ, ಕೆಲವೊಮ್ಮೆ ಕರುಳಿನ ಕ್ಯಾನ್ಸರ್. ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಕೊಕ್ಕೆಹುಳು. ಅದು ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ, 400 ಮಿಲಿಗ್ರಾಂನ ಒಂದು ಆಲ್ಬೆಂಡಜೋಲ್ ಮಾತ್ರೆಗೆ ಸಾಮಾನ್ಯವಾಗಿ ಹೋಗುತ್ತದೆ.

ನಮ್ಮಮ್ಮನಿಗೆ ಇದ್ದದ್ದು ಗರ್ಭಕೋಶದ ಗಡ್ಡೆ. ನಲವತ್ತೇಳರ ವಯಸ್ಸು, ತಿಂಗಳಿಗೆ ಎಂಟು ದಿನ ಸ್ರಾವ. "ಮುಟ್ಟು ನಿಲ್ಲೋ ಕಾಲ, ಹಂಗೇ ಇರ್ತದೆ" ಎಂದು ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಸ್ಕ್ಯಾನಿಂಗ್ ಆಯಿತು, ಸ್ರಾವ ತಗ್ಗಿಸುವ ಔಷಧ ಶುರುವಾಯಿತು, ಮಾತ್ರೆ ಕಾಫಿಯಿಂದ ದೂರ ಹೋಯಿತು. ಮಾತ್ರೆ ಕೆಲಸ ಮಾಡುತ್ತಿದ್ದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದರಿಂದ ಎರಡು ಗ್ರಾಂ ಏರಬೇಕು. ಏರದಿದ್ದರೆ ಇನ್ನೊಂದು ಬ್ರ್ಯಾಂಡಿಗೆ ಹಾರುವುದಲ್ಲ, ಕಾರಣ ಹುಡುಕಬೇಕು. ಕರುಳು ಹೀರದಿದ್ದರೆ, ಸ್ರಾವ ಮಾತ್ರೆಯನ್ನು ಮೀರಿಸಿದರೆ, ಹೆರಿಗೆ ಹತ್ತಿರ ಬಂದು ಕಾಯಲು ಸಮಯವಿಲ್ಲದಿದ್ದರೆ ರಕ್ತನಾಳಕ್ಕೇ ಐರನ್ ಕೊಡುತ್ತಾರೆ. ಐರನ್ ಸುಕ್ರೋಸ್ ಆದರೆ ಕೆಲವು ಸಲ ಹೋಗಿಬರಬೇಕು. ಕಾರ್ಬಾಕ್ಸಿಮಾಲ್ಟೋಸ್ ಆದರೆ 1000 ಮಿಲಿಗ್ರಾಂ ತನಕ ಒಂದೇ ಸಲಕ್ಕೆ. ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ ಅದು.

ಇನ್ನೊಂದು ಮಾತನ್ನು ಹೇಳಲೇಬೇಕು. ಕೆಂಪಗೆ ಹೊಳೆಯುವ, ಸಕ್ಕರೆ ಲೇಪದ ಐರನ್ ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರ್‌ಮಿಂಟು. ಹತ್ತು ಕೆಜಿ ತೂಕದ ಮಗು 100 ಮಿಲಿಗ್ರಾಂನ ಆರು ಮಾತ್ರೆ ನುಂಗಿದರೆ ಜೀವಕ್ಕೆ ಅಪಾಯ. ಬಾಣಂತಿ ಇರುವ ಮನೆಯಲ್ಲಿ ಮಾತ್ರೆಯೂ ಇರುತ್ತದೆ, ಓಡಾಡುವ ದೊಡ್ಡ ಮಗುವೂ ಇರುತ್ತದೆ. ಕಿಟಕಿ ಕಟ್ಟೆಯಿಂದ ತೆಗೆದು ಅಟ್ಟದ ಮೇಲಿಡಿ. ಮಗು ನುಂಗಿದ್ದು ಗೊತ್ತಾದರೆ ವಾಂತಿಯಾಗಲೆಂದು ಕಾಯದೆ ಆ ಪಟ್ಟಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ, ಎಷ್ಟು ನುಂಗಿದೆ ಎಂದು ಡಾಕ್ಟರಿಗೆ ಅದರಿಂದಲೇ ಗೊತ್ತಾಗುವುದು.

ಅಮ್ಮನ ಹಿಮೋಗ್ಲೋಬಿನ್ ಒಂದು ತಿಂಗಳಿಗೆ 10.1 ಆಯಿತು, ಮೂರನೇ ತಿಂಗಳಿಗೆ 12.2. "ಸರಿಹೋಯ್ತಲ್ಲ, ಇನ್ಯಾಕೆ?" ಎಂದು ಪಟ್ಟಿಯನ್ನು ಡಬ್ಬಿಗೆ ಹಾಕಿಟ್ಟಿದ್ದರು. ರಕ್ತ ಸರಿಹೋದರೂ ಉಗ್ರಾಣ ಇನ್ನೂ ಖಾಲಿ, ಅದಕ್ಕೆ ಮತ್ತೆ ಮೂರು ತಿಂಗಳು ಬೇಕು ಎಂದು ಕೂರಿಸಿಕೊಂಡು ಹೇಳಿದೆ. ಈಗ ಐದೂವರೆಗೆ ಮಾತ್ರೆ, ಏಳಕ್ಕೆ ಕಾಫಿ. ಮುಂದಿನ ತಿಂಗಳು ಫೆರಿಟಿನ್ ಪರೀಕ್ಷೆಗೆ ಅವರನ್ನು ಮೈಸೂರಿಗೆ ಕರೆತರುತ್ತಿದ್ದೇನೆ.